ಹೋಗಿ ಬರ್ತೀನಿ ಅಂದ ನೀರುನಾಯಿ

"ಸಾಯೋದಿದ್ರೆ ಹೊರಗೆ ಹೋಗಿ ಸಾಯಿ, ಮನೇಲಿ ಬೇಡ" ಎಂದು ಅತ್ತೆ ದಿನಕ್ಕೊಂದು ಸಲವಾದರೂ ಹೇಳುತ್ತಿದ್ದರು.

ಬೇರೆ ಮನೆಯಲ್ಲಿ ಅತ್ತೆ ಸೊಸೆಗೆ ಹೀಗೆ ಅಂದಿದ್ದರೆ ಎರಡೂ ಕಡೆಯವರು ಸೇರಿ ಪಂಚಾಯಿತಿ ನಡೆಯುತ್ತಿತ್ತು. ಈ ಮನೆಯಲ್ಲಿ ಸೊಸೆ "ಆಯ್ತು ಅತ್ತೆ" ಎಂದು ಕೈಯಲ್ಲಿದ್ದ ಹಾಳೆ ಮಡಚಿಕೊಂಡು ಮಹಡಿಗೆ ಹೋಗಿ, ಒಣಹಾಕಿದ ಬಟ್ಟೆಗಳ ನಡುವೆ ನಿಂತು ನಿಧಾನವಾಗಿ ಸಾಯುತ್ತಿದ್ದಳು. ಅದು ಅವಳ ಹೊಟ್ಟೆಪಾಡು. ಪರದೇಶದ ಕಾರ್ಟೂನ್ ಚಿತ್ರಗಳನ್ನು ನಮ್ಮ ಭಾಷೆಗೆ ಡಬ್ ಮಾಡುವಾಗ ಅವುಗಳಲ್ಲಿ ಸಾಯುವ ತಾಯಂದಿರಿಗೆಲ್ಲ ದನಿ ಕೊಡುವವಳು ಅವಳು.

ಇಂಥ ಚಿತ್ರಗಳಲ್ಲಿ ತಾಯಿಯಾಗಿ ಹುಟ್ಟಿದ ಪ್ರಾಣಿಗೆ ಆಯಸ್ಸು ಕಡಿಮೆ. ಒಂದು ಹಸಿರು ಕಾಡು, ಒಂದು ಹಾಡು, ಮರಿಯ ಹಣೆಗೊಂದು ಮುತ್ತು. ಅಷ್ಟು ಹೊತ್ತಿಗೆ ಬೆಂಕಿಯೋ ಬಂಡೆಯೋ ಬೇಟೆಗಾರನೋ ಬಂದು ತಾಯಿ ಗೊಟಕ್. ನೋಡುವವರ ಕೈಯ ಪಾಪ್‌ಕಾರ್ನ್ ಇನ್ನೂ ಬೆಚ್ಚಗಿರುತ್ತದೆ. ತಾಯಿ ಬದುಕಿದ್ದರೆ ಮರಿಯನ್ನು ಮನೆ ಬಿಟ್ಟು ಹೊರಡಲು ಬಿಡುವುದಿಲ್ಲ, ಮರಿ ಹೊರಡದಿದ್ದರೆ ಕಥೆ ನಡೆಯುವುದಿಲ್ಲ. ಹಾಗಾಗಿ ಅವಳು ಹಂಸವಾಗಿ ಸತ್ತಿದ್ದಳು, ಆನೆಯಾಗಿ ಸತ್ತಿದ್ದಳು, ಒಮ್ಮೆ ಹಳೆಯ ಹೊಲಿಗೆ ಯಂತ್ರವಾಗಿಯೂ ಸತ್ತಿದ್ದಳು. ಸ್ಟುಡಿಯೋದಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಸಾಯೋ ಅಕ್ಕ ಎಂದೇ. ಕರೆಯುವವರಿಗೂ ಕರೆಸಿಕೊಳ್ಳುವವಳಿಗೂ ಅದರಲ್ಲಿ ಏನೂ ಅನ್ನಿಸುತ್ತಿರಲಿಲ್ಲ.

ಮೊದಲು ಅವಳು ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಎಲ್ಲಿ ನಿಂತಿದೆ, ಎಷ್ಟು ತಡ ಎಂದು ಹೇಳುತ್ತಿದ್ದಳು. ಅಲ್ಲಿಗೊಂದು ಯಂತ್ರ ಬಂತು. ಅವಳದೇ ದನಿಯನ್ನು ಒಳಗೆ ತುಂಬಿಕೊಂಡು ಅವಳನ್ನು ಮನೆಗೆ ಕಳಿಸಿತು. ಆಮೇಲೆ ಡಬ್ಬಿಂಗ್ ಸ್ಟುಡಿಯೋದಲ್ಲಿ ಗುಂಪಿನ ದನಿಗೆ ಸೇರಿಕೊಂಡಳು. ಮಾರುಕಟ್ಟೆಯ ಗದ್ದಲಕ್ಕೆ ಒಂದು ಬಾಯಿ, "ಓಡಿ, ಓಡಿ" ಎನ್ನುವವರಲ್ಲಿ ಒಂದು ಬಾಯಿ. ಒಂದು ದಿನ ತಾಯಿ ಹಂಸಕ್ಕೆ ದನಿ ಕೊಡಲು ಬಂದಿದ್ದ ದೊಡ್ಡ ನಟಿ ಹಾಳೆಯನ್ನು ಓದಿ, "ಇವತ್ತು ನನ್ನ ಬರ್ತ್‌ಡೇ. ಬರ್ತ್‌ಡೇ ದಿನ ಯಾರಾದ್ರೂ ಸಾಯ್ತಾರಾ?" ಎಂದು ಕೈಚೀಲ ಎತ್ತಿಕೊಂಡು ಹೊರಟುಹೋದರು. ರೆಕಾರ್ಡಿಸ್ಟ್ ಕೋಣೆಯೆಲ್ಲ ಕಣ್ಣಾಡಿಸಿದ. ಮೂಲೆಯಲ್ಲಿ ಇವಳು ಕೆಮ್ಮುತ್ತ ಕೂತಿದ್ದಳು. ವಾರದಿಂದ ನೆಗಡಿ, ಎದೆ ತುಂಬ ಕಫ.

"ಅಕ್ಕಾ, ನೀವು ಸಾಯ್ತೀರಾ?" ಎಂದು ಕೇಳಿದ.

"ಈ ಕೆಮ್ಮು ಹಿಂಗೇ ಇದ್ರೆ ಇನ್ನೇನು ಮಾಡ್ಲಿ?" ಎಂದಳು.

ಅವಳ ಹಂಸ ಬಹಳ ಚೆನ್ನಾಗಿ ಸತ್ತಿತು. ಮುಂದೆ ಯಾರಿಗೆ ಸಾವು ಬಂದರೂ ಅವಳಿಗೇ ಹೇಳಿಕಳಿಸತೊಡಗಿದರು. ಮೊದಮೊದಲು ಪಾಪ, ಕೆಮ್ಮಿದರೇ ಸಾವು ಎಂದುಕೊಂಡು ಹಿಂದಿನ ದಿನ ಐಸ್‌ಕ್ರೀಂ ತಿಂದು ಗಂಟಲು ಕೆಡಿಸಿಕೊಂಡು ಬರುತ್ತಿದ್ದಳು. ಒಮ್ಮೆ ರೆಕಾರ್ಡಿಸ್ಟ್ ಮೆಲ್ಲಗೆ, "ಅಕ್ಕಾ, ಇವತ್ತಿಂದು ಮೀನು. ಮೀನು ಕೆಮ್ಮೋದು ನಾನು ನೋಡಿಲ್ಲ" ಎಂದ ಮೇಲೆ ಆ ಅಭ್ಯಾಸ ಬಿಟ್ಟಳು.

ಆ ಕೋಣೆಯಲ್ಲಿ ಸಾಯುವುದೂ ಸುಲಭವಲ್ಲ. ಗೋಡೆಗೆಲ್ಲ ಮೆತ್ತೆ ಹೊಡೆದ ಮಬ್ಬು ಕೋಣೆ. ನಡುವೆ ಮೈಕು, ಎದುರಿಗೆ ಪರದೆ, ಪಕ್ಕದಲ್ಲಿ ದಪ್ಪ ಗಾಜು, ಗಾಜಿನಾಚೆ ರೆಕಾರ್ಡಿಸ್ಟ್. ಒಳಗೆ ಹೋಗುವಾಗ ಬಳೆ ಬಿಚ್ಚಿಡಬೇಕು, ಸರಬರ ಎನ್ನುವ ಬಟ್ಟೆ ಹಾಕಬಾರದು, ಹಸಿದುಕೊಂಡೂ ಹೋಗಬಾರದು. ಒಮ್ಮೆ ತಾಯಿ ಆನೆ ಕಣ್ಣು ಮುಚ್ಚಿದ ಮೇಲೆ ಇವಳ ಹೊಟ್ಟೆ ಗುರ್ ಎಂದಿತು. ರೆಕಾರ್ಡಿಸ್ಟ್ ತಲೆ ಕೆರೆದುಕೊಂಡು, "ಅಕ್ಕಾ, ಆನೆಗೆ ಇನ್ನೂ ಜೀವ ಇದೆ ಅನ್ಸುತ್ತೆ" ಎಂದಿದ್ದ. ಕೊನೆಯ ಉಸಿರು ಬಿಟ್ಟ ಮೇಲಂತೂ ಅವನು ಗಾಜಿನಾಚೆಯಿಂದ ಕೈ ಎತ್ತುವ ತನಕ ಮತ್ತೆ ಉಸಿರೆಳೆಯುವ ಹಾಗಿಲ್ಲ. ಒಂದು ಸಲ ಅವನಿಗೆ ಮನೆಯಿಂದ ಫೋನು ಬಂದು ಕೈ ಎತ್ತುವುದೇ ಮರೆತುಹೋಯಿತು. ಅವಳ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತು. ಹೊರಗೆ ಬಂದು ಅವನಿಗೆ ಹೇಳಿದಳು, "ನೀನು ಇನ್ನೊಂಚೂರು ತಡ ಮಾಡಿದ್ರೆ ನಾನು ನಿಜವಾಗ್ಲೂ ಕೈ ಎತ್ತಿಬಿಡ್ತಿದ್ದೆ ಕಣಯ್ಯ."

ಸಂಜೆ ಮನೆಗೆ ಬಂದರೆ ಬಾಗಿಲಲ್ಲೇ ಅತ್ತೆಯ ಪ್ರಶ್ನೆ.

"ಇವತ್ತು ಏನಾಗಿ ಸತ್ತೆ?"

"ಜಿರಾಫೆ ಅತ್ತೆ."

"ಅಷ್ಟುದ್ದ ಕತ್ತಿನಿಂದ ಪ್ರಾಣ ಹೋಗೋಕೆ ಬಹಳ ಹೊತ್ತಾಗಿರುತ್ತೆ. ಕೈಕಾಲು ತೊಳ್ಕೊಂಡು ಬಾ, ಊಟ ಆರಿಹೋಗುತ್ತೆ."

ಅವಳ ಗಂಡ ಶಾಲಾ ಮಕ್ಕಳ ವ್ಯಾನ್ ಓಡಿಸುತ್ತಿದ್ದ. ಸ್ವಂತ ಮಕ್ಕಳಿರಲಿಲ್ಲ, ವ್ಯಾನ್ ತುಂಬ ಇದ್ದರು. ಬೆಳಿಗ್ಗೆ ಅವರ ಕಿರುಚಾಟ, ಮಧ್ಯಾಹ್ನ ಅವರ ಜಗಳ ಕೇಳಿ ಕೇಳಿ ಅವನ ಬಲಗಿವಿ ಚೂರು ಮಂದವಾಗಿತ್ತು. ಹೆಂಡತಿ ಏನಾದರೂ ಕೆಲಸ ಹೇಳುವಾಗ ಎಡಗಿವಿಯೂ ಮಂದವಾಗುತ್ತಿತ್ತು.

ಹೀಗೆ ನಡೆಯುತ್ತಿದ್ದಾಗ ನೀರುನಾಯಿಯ ಚಿತ್ರ ಬಂತು. ಹೊಳೆಯ ದಂಡೆಯಲ್ಲಿ ಒಂದು ತಾಯಿ ನೀರುನಾಯಿ, ಅದಕ್ಕೊಂದು ಪುಟ್ಟ ಮರಿ. ತಾಯಿಯ ಹತ್ತಿರ ಒಂದು ಚಪ್ಪಟೆ ಕಲ್ಲು ಇರುತ್ತದೆ. ಅದರಿಂದ ಕುಕ್ಕಿ ಚಿಪ್ಪು ಒಡೆದು ಒಳಗಿನದನ್ನು ಮರಿಗೆ ತಿನ್ನಿಸುತ್ತದೆ. ಒಂದು ದಿನ ಹೊಳೆ ಉಕ್ಕಿ ಬರುತ್ತದೆ. ತಾಯಿ ಮರಿಯನ್ನು ಒಂದು ಮರದ ದಿಮ್ಮಿಯ ಮೇಲೆ ನೂಕುತ್ತದೆ, ಅದರ ಕೈ ಜಾರುತ್ತದೆ, ಒಂದು ಮಾತು ಹೇಳುತ್ತದೆ, ನೀರು ಅದನ್ನು ಎಳೆದುಕೊಂಡುಹೋಗುತ್ತದೆ. ಮುಂದೆ ಮರಿಗೆ ಒಂದು ಸಿಡುಕು ಆಮೆ ಜೊತೆಯಾಗುತ್ತದೆ. ಕೊನೆಯಲ್ಲಿ ಮರಳ ದಿಬ್ಬದ ಮೇಲೆ ತಾಯಿಯ ಕಲ್ಲು ಸಿಗುತ್ತದೆ. ತಾಯಿ ಸತ್ತಿದೆ ಎಂದು ಆಮೆ ಮರಿಗೆ ಹೇಳುತ್ತದೆ. ಮರಿ ಅಳುತ್ತದೆ, ಆಮೇಲೆ ಹಸಿವಾಗುತ್ತದೆ, ಅದೇ ಕಲ್ಲಿನಿಂದ ತನ್ನ ಮೊದಲ ಚಿಪ್ಪು ಒಡೆಯುತ್ತದೆ.

ಮಾತುಗಳನ್ನು ಬರೆದವರು ಮೇಷ್ಟ್ರು. ಶಾಲೆಯಲ್ಲಿ ವ್ಯಾಕರಣ ಹೇಳಿಕೊಡುತ್ತಿದ್ದವರು, ನಿವೃತ್ತಿಯಾದ ಮೇಲೆ ಪ್ರಾಣಿಗಳ ತುಟಿ ಅಲ್ಲಾಡುವುದಕ್ಕೆ ಸರಿಯಾಗಿ ಮಾತು ಹೊಂದಿಸುವ ಈ ಕೆಲಸ ಹಿಡಿದಿದ್ದರು. "ಮೊದಲು ಹುಡುಗರ ಬಾಯಿಗೆ ತುರುಕ್ತಿದ್ದೆ, ಈಗ ಕರಡಿ ಬಾಯಿಗೆ ತುರುಕ್ತೀನಿ. ಕರಡಿ ವಾಸಿ, ಆಕಳಿಸಲ್ಲ" ಎನ್ನುತ್ತಿದ್ದರು. ಹೊಳೆಯಲ್ಲಿ ಕೊಚ್ಚಿಹೋಗುವ ತಾಯಿಗೆ ಅವರು ಬರೆದ ಕೊನೆಯ ಮಾತು ಚಿಕ್ಕದು: "ಹೋಗು ಮರಿ, ಈಜು."

ಆ ಮಾತು ಶುಭಂ ಅವರಿಗೆ ಹಿಡಿಸಲಿಲ್ಲ.

ಶುಭಂ ಎಂದರೆ ಚಿತ್ರದ ವಿತರಕರು. ಅದು ಸ್ಟುಡಿಯೋದವರು ಇಟ್ಟ ಹೆಸರು. ಎಲ್ಲ ಚಿತ್ರವೂ ನಗುತ್ತ ಮುಗಿಯಬೇಕು ಎನ್ನುವುದು ಅವರ ಹಟ. ಅವರ ಆಫೀಸಿನಲ್ಲಿ ಸಾವು ಎಂಬ ಶಬ್ದಕ್ಕೆ ಪ್ರವೇಶವಿರಲಿಲ್ಲ. ಯಾರಾದರೂ "ಬ್ಯಾಟರಿ ಸತ್ತೋಗಿದೆ ಸಾರ್" ಎಂದರೆ ಕಿವಿ ಮುಚ್ಚಿಕೊಂಡು "ಬಿಡ್ತು ಅನ್ನಿ" ಎನ್ನುವರು. "ಬ್ಯಾಟರಿಗೆ ಸುಸ್ತಾಗಿದೆ ಅನ್ನಿ, ಏನು ಗಂಟು ಹೋಗುತ್ತೆ?"

"ಮೇಷ್ಟ್ರೇ," ಎಂದು ಅವರು ಕುರ್ಚಿ ಎಳೆದುಕೊಂಡು ಕೂತರು. "ಜನ ಹೆಂಡ್ತಿ ಮಕ್ಕಳನ್ನ ಕರ್ಕೊಂಡು ನಗೋಕೆ ಬರ್ತಾರೆ. ಶುರುವಿನಲ್ಲೇ ಅಮ್ಮ ಹೋಗಿಬಿಟ್ರೆ ಹೆಂಗೆ? ನೋಡಿ, ಚಿತ್ರದಲ್ಲಿ ಹೆಣ ಎಲ್ಲೂ ತೋರಿಸಿಲ್ಲ. ನೀರು ಕರ್ಕೊಂಡು ಹೋಯ್ತು, ಅಷ್ಟೇ. ಎಲ್ಲೋ ಬದುಕಿರಬಹುದು. 'ಹೋಗಿ ಬರ್ತೀನಿ' ಅಂತ ಹಾಕಿ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ಕೊನೇಲಿ ಕಲ್ಲು ಸಿಗುತ್ತಲ್ಲ ಸ್ವಾಮಿ, ಅಲ್ಲಿ ಆಮೆ ಏನು ಹೇಳ್ಬೇಕು?"

"ನಿಮ್ಮಮ್ಮ ದೂರದ ಊರಲ್ಲಿ ಕೆಲಸಕ್ಕೆ ಸೇರಿದಾಳೆ, ಈ ಕಲ್ಲು ನಿಂಗೆ ಅಂತ ಕಳಿಸಿದಾಳೆ, ಅನ್ಲಿ."

"ನೀರುನಾಯಿಗೆ ಕೆಲಸ ಕೊಟ್ಟೋರು ಯಾರು? ಕಲ್ಲನ್ನ ಕೊರಿಯರ್ ಮಾಡಿದ್ಲಾ?"

"ಮಕ್ಕಳು ಅಷ್ಟೆಲ್ಲ ಯೋಚ್ನೆ ಮಾಡಲ್ಲ ಮೇಷ್ಟ್ರೇ."

ಮೇಷ್ಟ್ರು ಬಾಯಲ್ಲಿ 'ಹೋಗಿ ಬರ್ತೀನಿ'ಯನ್ನು ಹೊರಳಿಸಿ ನೋಡಿದರು. ಅವರ ಸಿಟ್ಟು ಇನ್ನೂ ಏರಿತು, ಯಾಕೆಂದರೆ ಅದು ನೀರುನಾಯಿಯ ತುಟಿಗೆ ಸರಿಯಾಗಿ ಕೂರುತ್ತಿತ್ತು. "ಬ ಅನ್ನೋ ಕಡೆ ತುಟಿ ಮುಚ್ಚುತ್ತೆ, ತೀ ಅನ್ನೋ ಕಡೆ ಬಾಯಿ ಅಗಲ ಆಗುತ್ತೆ. ದರಿದ್ರದ್ದು, ಅಳತೆ ಕೊಟ್ಟು ಹೊಲಿಸಿದ ಹಾಗಿದೆ" ಎಂದು ಗೊಣಗಿಕೊಂಡು ಬರೆದುಕೊಟ್ಟರು.

ಸಾಯೋ ಅಕ್ಕನಿಗೆ ಮಾತ್ರ ಖುಷಿಯಾಯಿತು, ಅದನ್ನು ಮುಚ್ಚಿಡುವುದೇಕೆ. ಒಂದು ಸಲವಾದರೂ ಸಾಯದೆ ಮನೆಗೆ ಹೋಗಬಹುದು. ಮೈಕಿನ ಮುಂದೆ ನಿಂತು, ಪಕ್ಕದ ಬೀದಿಗೆ ತರಕಾರಿ ತರಲು ಹೊರಟವಳಂತೆ "ಹೋಗಿ ಬರ್ತೀನಿ" ಎಂದಳು. ಒಂದೇ ಸಲಕ್ಕೆ ಆಯಿತು. ಶುಭಂ ಅವರು ಕೈ ಮುಗಿದು, "ಮೇಡಂ, ಎಷ್ಟು ಲಕ್ಷಣವಾಗಿ ಹೇಳಿದ್ರಿ" ಎಂದರು.

"ಇವತ್ತು ಏನಾಗಿ ಸತ್ತೆ?" ಎಂದು ಅತ್ತೆ ಕೇಳಿದಾಗ, "ಸಾಯ್ಲಿಲ್ಲ ಅತ್ತೆ, ಊರಿಗೆ ಹೋದೆ" ಎಂದಳು.

"ಅಂತೂ ನಿನಗೂ ಒಂದು ಒಳ್ಳೇ ಕಾಲ ಬಂತು" ಎಂದು ಅತ್ತೆ ಆ ದಿನ ತಾವೇ ಪಾತ್ರೆ ತೊಳೆದರು.

ಬಿಡುಗಡೆಗೆ ಮುಂಚೆ ಒಮ್ಮೆ ಮಕ್ಕಳಿಗೆ ತೋರಿಸಿ ನೋಡೋಣ ಎಂದು ಶುಭಂ ಅವರಿಗೆ ಅನ್ನಿಸಿತು. ಮಕ್ಕಳನ್ನು ಎಲ್ಲಿಂದ ತರುವುದು? ಸಾಯೋ ಅಕ್ಕನ ಗಂಡನ ವ್ಯಾನ್ ಇತ್ತಲ್ಲ. ಒಂದು ಭಾನುವಾರ ಬೆಳಿಗ್ಗೆ, ಅಪ್ಪ ಅಮ್ಮಂದಿರ ಒಪ್ಪಿಗೆ ಪಡೆದು, ಅವನು ವ್ಯಾನ್ ತುಂಬ ಮಕ್ಕಳನ್ನು ಆಫೀಸಿನ ಪುಟ್ಟ ಚಿತ್ರಮಂದಿರಕ್ಕೆ ತಂದು ಇಳಿಸಿದ. ಶುಭಂ ಅವರು ತಮ್ಮ ಎಂಟು ವರ್ಷದ ಮಗಳನ್ನೂ ಕರೆತಂದಿದ್ದರು. ಎರಡು ಬಿಗಿ ಜಡೆ, ಕೆಳಗಿನ ತುಟಿ ಕಚ್ಚಿಕೊಂಡೇ ಕೂರುವ ಹುಡುಗಿ. ಹಿಂದಿನ ಸಾಲಿನಲ್ಲಿ ಅಕ್ಕ, ಮೇಷ್ಟ್ರು, ರೆಕಾರ್ಡಿಸ್ಟ್ ಕೂತರು.

ಹೊಳೆ ಉಕ್ಕಿತು, ತಾಯಿಯ ಕೈ ಜಾರಿತು, "ಹೋಗಿ ಬರ್ತೀನಿ" ಎಂಬ ಮಾತು ಕೇಳಿಸಿತು. ಯಾರೂ ಅಳಲಿಲ್ಲ. ಶುಭಂ ಅವರು ಹಿಂದೆ ತಿರುಗಿ ಮೇಷ್ಟ್ರ ಕಡೆ ನೋಡಿ ಹುಬ್ಬು ಹಾರಿಸಿದರು.

ಆಮೇಲೆ ಸಿಡುಕು ಆಮೆ ಬಂತು. ಅದು ಕೆಸರಿನಲ್ಲಿ ಜಾರಿ ಬೆನ್ನ ಮೇಲೆ ಬಿದ್ದು, ಕಾಲು ಮೇಲೆ ಮಾಡಿ, "ನಾನು ಬಿದ್ದಿಲ್ಲ, ಆಕಾಶ ಸರಿಯಾಗಿದೆಯಾ ಅಂತ ನೋಡ್ತಿದ್ದೀನಿ" ಎನ್ನುವ ಕಡೆ ಮೇಷ್ಟ್ರು ನಗೆಗೆಂದು ಕಾದು ಕೂತಿದ್ದರು. ಅವರ ಪ್ರಕಾರ ಅದು ಅವರ ಈ ವರ್ಷದ ಅತ್ಯುತ್ತಮ ಸಾಲು. ಒಂದು ಮಗುವೂ ನಗಲಿಲ್ಲ. ಅವರೆಲ್ಲ ಆಮೆಯನ್ನು ನೋಡುತ್ತಲೇ ಇರಲಿಲ್ಲ. ಪರದೆಯ ಅಂಚಿನಲ್ಲಿ, ನೀರು ಇರುವ ಕಡೆ, ಕಣ್ಣು ನೆಟ್ಟು ಕೂತಿದ್ದರು. ದೂರದಲ್ಲಿ ಒಂದು ಅಲೆ ಎದ್ದರೆ, "ಬಂದ್ರು." ಒಂದು ಕೊರಡು ತೇಲಿ ಬಂದರೆ, "ಬಂದ್ರು, ಬಂದ್ರು." ಬಾತುಕೋಳಿ ಮುಳುಗಿ ಎದ್ದರೂ, "ಅಗೋ." ಪ್ರತಿ ಸಲವೂ ಅವರ ಬೆನ್ನು ನೆಟ್ಟಗಾಗಿ ಮತ್ತೆ ಕುಸಿಯುತ್ತಿತ್ತು. ಹಿಂದೆ ಕೂತಿದ್ದ ಅಕ್ಕನಿಗೆ ಆ ಬೆನ್ನುಗಳಷ್ಟೇ ಕಾಣುತ್ತಿದ್ದವು. ಅವಳಿಗೆ ಕುರ್ಚಿಯಲ್ಲಿ ನೆಮ್ಮದಿಯಾಗಿ ಕೂರಲಾಗಲಿಲ್ಲ.

ಕಲ್ಲು ಸಿಕ್ಕಿತು. ಅಮ್ಮ ಕೆಲಸಕ್ಕೆ ಸೇರಿದ ಸುದ್ದಿಯನ್ನು ಆಮೆ ಹೇಳಿತು. ಚಿಪ್ಪು ಒಡೆಯಿತು. ಚಿತ್ರ ಮುಗಿದು ಹೆಸರುಗಳು ಮೇಲೇರತೊಡಗಿದವು. ಮಕ್ಕಳು ಏಳಲಿಲ್ಲ.

"ಏಳ್ರೋ, ಮುಗೀತು" ಎಂದ ಅಕ್ಕನ ಗಂಡ.

"ಮುಗಿದಿಲ್ಲ ಅಂಕಲ್. ಅವರಮ್ಮ ಇನ್ನೂ ಬಂದಿಲ್ಲ."

ಹೆಸರುಗಳೂ ಮುಗಿದವು. ದೀಪ ಹತ್ತಿತು. ಬಿಳಿ ಪರದೆಯನ್ನು ನೋಡಿಕೊಂಡು ಅಷ್ಟೂ ಮಕ್ಕಳು ಕೂತೇ ಇದ್ದರು. ಶುಭಂ ಅವರು ಎದ್ದು ಮುಂದೆ ಹೋಗಿ ಮುಖ ಅರಳಿಸಿಕೊಂಡು, "ಪುಟಾಣಿಗಳೇ, ಅಮ್ಮ ಮುಂದಿನ ಭಾಗದಲ್ಲಿ ಬರ್ತಾರೆ" ಎಂದರು. ಮುಂದಿನ ಭಾಗವೆಂಬುದು ಇರಲೇ ಇಲ್ಲ.

"ಬರಲ್ಲ" ಎಂದಳು ಅವರ ಮಗಳು, ಕೂತಲ್ಲಿಂದಲೇ. "ಅವರು ಸತ್ತೋಗಿದಾರೆ."

"ಬಿಡ್ತು ಅನ್ನು ಪುಟ್ಟೀ."

"ಬರ್ತೀನಿ ಅಂದಿದಾರೆ ಕಣೇ," ಎಂದು ವ್ಯಾನಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಹೇಳಿ ಹೋದೋರು ಬರ್ದೇ ಇರ್ತಾರಾ?"

"ದೊಡ್ಡೋರು ಹಂಗೇ ಹೇಳೋದು."

ಅಲ್ಲಿಂದ ಮಾತಿಗೆ ಮಾತು ಬೆಳೆಯಿತು. ಬರುತ್ತಾಳೆ ಎನ್ನುವವರು ಒಂದು ಕಡೆ, ಜಡೆಯ ಹುಡುಗಿ ಒಬ್ಬಳೇ ಇನ್ನೊಂದು ಕಡೆ. ಯಾರೋ ಅವಳ ಜಡೆ ಎಳೆದರು, ಅವಳು ಯಾರಿಗೋ ಚಿವುಟಿದಳು. ಅಷ್ಟರಲ್ಲಿ ಒಬ್ಬನಿಗೆ ಹೊಳೆಯಿತು: "ಏಯ್, ಅದು ನಮ್ಮ ವ್ಯಾನ್ ಆಂಟಿ ದನಿ ಅಲ್ವಾ? ಅವರನ್ನೇ ಕೇಳಣ."

ಎಲ್ಲ ತಲೆಗಳೂ ಹಿಂದಕ್ಕೆ ತಿರುಗಿದವು. "ಆಂಟಿ, ನೀವು ಬರ್ತೀರಾ, ಇಲ್ವಾ?"

ಅವಳು ಶುಭಂ ಅವರ ಕಡೆ ನೋಡಿದಳು. ಅವರು ಕಣ್ಣಲ್ಲೇ ಬೇಡ, ಬೇಡ ಎನ್ನುತ್ತಿದ್ದರು. ಮೇಷ್ಟ್ರು ಮೇಲಿನ ಫ್ಯಾನ್ ನೋಡುತ್ತಿದ್ದರು. ಅಷ್ಟು ಸಲ ಸತ್ತವಳಿಗೆ, ಸತ್ತೆ ಎಂದು ಬಾಯಿಬಿಟ್ಟು ಹೇಳುವ ಪ್ರಸಂಗ ಎಂದೂ ಬಂದಿರಲಿಲ್ಲ. ಎದ್ದು, ನಡುವಿನ ಹಾದಿಯಲ್ಲಿ ಬಂದು, ಮಕ್ಕಳ ಸಾಲಿನ ಹತ್ತಿರ ಮೆಟ್ಟಿಲ ಮೇಲೆ ಕೂತಳು.

"ಇಲ್ಲ ಕಣ್ರೋ. ನಾನು ನೀರಲ್ಲಿ ಸತ್ತೋದೆ. ವಾಪಸ್ ಬರಲ್ಲ."

ಮೊದಲು ಮಾತಾಡಿದವನು ಮುಂದಿನ ಸಾಲಿನ ಗುಂಗುರು ಕೂದಲಿನ ಹುಡುಗ. ಅವನ ಮುಖ ಕೆಂಪಾಗಿತ್ತು, ಕಾಲು ಹೆಣೆದುಕೊಂಡಿದ್ದವು.

"ಮೊದ್ಲೇ ಹೇಳ್ಬಾರ್ದಾ ಆಂಟಿ? ನಾನು ಆಗ್ಲಿಂದ ಒಂದಕ್ಕೆ ಹೋಗ್ದೇ ಕೂತಿದೀನಿ. ನಾನು ಆ ಕಡೆ ಹೋದಾಗ್ಲೇ ನೀವು ಬಂದ್ಬಿಟ್ರೆ ಅಂತ."

ಹೇಳಿದವನೇ ಎದ್ದು ಓಡಿದ. ಅವನು ತಿರುಗಿ ಬರುವುದರೊಳಗೆ ಉಳಿದವರು ಅಕ್ಕನನ್ನು ಸುತ್ತುವರಿದು ವಿಚಾರಣೆ ನಡೆಸಿದ್ದರು.

"ನೋವಾಯ್ತಾ?"

"ನೀರು ತಣ್ಣಗಿತ್ತು. ಮರಿ ದಿಮ್ಮಿ ಹತ್ತಿತಲ್ಲ ಅಂತ ಸಮಾಧಾನ ಆಯ್ತು. ಆಮೇಲೆ ಏನೂ ಗೊತ್ತಾಗ್ಲಿಲ್ಲ."

"ಮರಿಗೆ ಊಟ ಯಾರು ಕೊಡ್ತಾರೆ?"

"ನೋಡಿದ್ರಲ್ಲ, ತಾನೇ ಚಿಪ್ಪು ಒಡ್ಕೊಳ್ತು. ನಾನೇ ಕಲಿಸಿದ್ದು."

ಒಂದು ಚಿಕ್ಕ ಹುಡುಗಿ ಅವಳ ತೋಳಿಗೆ ಮುಖವಿಟ್ಟು ಅತ್ತಳು. ಅವಳನ್ನು ನೋಡಿ ಇನ್ನಿಬ್ಬರು ಅತ್ತರು. ಒಬ್ಬ ಅಳು ಬರದಿದ್ದರೂ ಬೇರೆಯವರು ಅತ್ತರೆಂದು ಮೂಗು ಒರೆಸಿಕೊಂಡ. ಅದೆಲ್ಲ ಬೇಗ ಮುಗಿಯಿತು. ಆಮೇಲೆ ಗುಂಗುರು ಕೂದಲಿನವನು ಹಗುರಾಗಿ ಬಂದು, "ಅಂಕಲ್, ಇನ್ನೊಂದ್ಸಲ ಹಾಕಿ. ಆವಾಗ ಸರಿಯಾಗಿ ನೋಡ್ಲಿಲ್ಲ" ಎಂದ. ಎಲ್ಲರೂ "ಹಾಕಿ, ಹಾಕಿ" ಎಂದರು.

ಶುಭಂ ಅವರಿಗೆ ಬೇರೆ ದಾರಿ ಕಾಣಲಿಲ್ಲ. ಮತ್ತೆ ಹೊಳೆ ಉಕ್ಕಿತು. ತಾಯಿ "ಹೋಗಿ ಬರ್ತೀನಿ" ಎಂದ ಕೂಡಲೇ, "ಸುಳ್ಳು" ಎಂದು ಎಲ್ಲರೂ ಒಟ್ಟಿಗೆ ಕೂಗಿದರು. ಆದರೆ ಈ ಸಲ ಆಮೆ ಕೆಸರಿನಲ್ಲಿ ಬಿದ್ದು ಆಕಾಶ ಪರೀಕ್ಷೆ ಮಾಡಿದಾಗ ಕುರ್ಚಿಗಳು ಅಲುಗಾಡುವ ಹಾಗೆ ನಕ್ಕರು. ಕತ್ತಲೆಯಲ್ಲಿ ಮೇಷ್ಟ್ರು ಅಕ್ಕನ ಕಿವಿಯಲ್ಲಿ, "ನೋಡಿದ್ಯಾ ತಾಯಿ? ಸಾಲು ಚೆನ್ನಾಗೇ ಇತ್ತು" ಎಂದರು.

ಎರಡನೇ ಸಲವೂ ಚಿತ್ರ ಮುಗಿದು ಎಲ್ಲರೂ ಎದ್ದು ಬರುವಾಗ, ಹೊರಗೆ ಪಡಸಾಲೆಯಲ್ಲಿ ಶುಭಂ ಅವರು ಮಗಳ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದರು.

"ಅವರು ಸತ್ತೋದ್ರು ಅಂತ ನಿಂಗೆ ಹೆಂಗೆ ಗೊತ್ತಾಯ್ತು ಪುಟ್ಟಿ?"

"ನಮ್ಮ ಗಿಣಿ ತರ."

ಅವರ ಮನೆಯಲ್ಲಿ ಒಂದು ಗಿಣಿ ಇತ್ತು, "ಯಾರದು, ಯಾರದು" ಎಂದು ಬಾಗಿಲಿಗೆ ಬಂದವರನ್ನೆಲ್ಲ ಕೇಳುತ್ತಿತ್ತು. ಹಿಂದಿನ ವರ್ಷ ಅದು ಪಂಜರದಲ್ಲಿ ಸತ್ತುಬಿದ್ದಿತ್ತು. ಮಗಳು ಶಾಲೆಯಿಂದ ಬರುವಷ್ಟರಲ್ಲಿ ಶುಭಂ ಅವರು ಅದೇ ಬಣ್ಣದ, ಅದೇ ಗಾತ್ರದ ಇನ್ನೊಂದು ಗಿಣಿ ತಂದು ಕೂರಿಸಿದ್ದರು. ಈ ಗಿಣಿ ತುಟಿ ಪಿಟ್ಟೆನ್ನುತ್ತಿರಲಿಲ್ಲ. ಗಂಟಲು ಕೆಟ್ಟಿದೆ ಎಂದು ಮಗಳಿಗೆ ಹೇಳಿ, ಅದನ್ನು ನಂಬಿಸಲು ವರ್ಷವಿಡೀ ದಿನಾ ಅದಕ್ಕೆ ಬಿಸಿನೀರು ಕುಡಿಸುತ್ತಿದ್ದರು.

"ನಿಂಗೆ ಗೊತ್ತಿತ್ತಾ?"

"ಮೊದಲ್ನೇ ದಿನಾನೇ. ಹಳೇ ಗಿಣಿಗೆ ಒಂದು ಉಗುರು ಇರ್ಲಿಲ್ಲ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀವು ಅಷ್ಟು ಕಷ್ಟಪಟ್ಟು ಬಿಸಿನೀರು ಕಾಯಿಸ್ತಿದ್ರಿ ಅಪ್ಪ. ಬೇಜಾರು ಮಾಡ್ಕೋತೀರಾ ಅಂತ ಸುಮ್ನಿದ್ದೆ." ಮತ್ತೆ ಕೇಳಿದಳು, "ಹಳೇದನ್ನ ಎಲ್ಲಿ ಮಣ್ಣು ಮಾಡಿದ್ರಿ?"

ಶುಭಂ ಅವರು ಮಗಳ ಕೆದರಿದ ಜಡೆಯನ್ನು ಸರಿಮಾಡಿದರು. ಕೊನೆಗೆ, "ಹಿತ್ತಿಲಲ್ಲಿ, ನೀರಿನ ಟ್ಯಾಂಕಿನ ಪಕ್ಕ" ಎಂದರು. "ತೋರಿಸ್ತೀನಿ ಬಾ."

ಮಗಳ ಕೈ ಹಿಡಿದು ಹೊರಟವರು ಬಾಗಿಲ ಹತ್ತಿರ ನಿಂತು, ಮೇಷ್ಟ್ರ ಕಡೆ ತಿರುಗದೆ, "ನಿಮ್ಮ ಹಳೇ ಸಾಲೇ ಇರ್ಲಿ, ಆಮೆದೂ" ಎಂದರು.

ಆ ದಿನ ಅಕ್ಕ ಮನೆಗೆ ಬಂದಾಗ ಅತ್ತೆ ಬಟಾಣಿ ಸುಲಿಯುತ್ತಿದ್ದರು. ಇವಳೂ ಎದುರಿಗೆ ಕೂತು ಸುಲಿಯತೊಡಗಿದಳು. ನಡೆದದ್ದನ್ನು ಹೇಳಿ, "ನಾಳೆ ಮತ್ತೆ ರೆಕಾರ್ಡಿಂಗ್ ಇದೆ. ಹೆಂಗೆ ಹೇಳ್ಬೇಕೋ ಗೊತ್ತಾಗ್ತಿಲ್ಲ ಅತ್ತೆ" ಎಂದಳು. ಆ ಮನೆಯಲ್ಲಿ ಇಂಥ ಪ್ರಶ್ನೆ ಇದೇ ಮೊದಲು.

"ನೀನು ಸಾಯೋದು ನಾನು ಟಿವಿಯಲ್ಲಿ ಕೇಳಿದೀನಿ," ಎಂದರು ಅತ್ತೆ. "ಎಳೆದೂ ಎಳೆದೂ ಹೇಳ್ತೀಯ. ಹಾಡು ಹೇಳೋರ ತರ. ನಿಜವಾಗಿ ಹೋಗೋರು ಹಂಗೆಲ್ಲ ಮಾತಾಡಲ್ಲ ಕಣೇ. ನಿಮ್ಮ ಮಾವ ಹೋಗೋ ಮುಂಚೆ ಏನು ಹೇಳಿದ್ರು ಗೊತ್ತಾ?"

ಮಾವ ತೀರಿಕೊಂಡದ್ದು ಅವಳ ಮದುವೆಗೆ ಮುಂಚೆ. ಅತ್ತೆ ಎಂದೂ ಆ ವಿಷಯ ಎತ್ತಿದವರಲ್ಲ.

"ಫ್ಯಾನ್ ಸ್ವಲ್ಪ ಕಮ್ಮಿ ಮಾಡು, ಅಂದ್ರು. ನಾನು ಎದ್ದು ಹೋಗಿ ಕಮ್ಮಿ ಮಾಡಿ ಬಂದೆ. ಅಷ್ಟ್ರಲ್ಲಿ ಹೋಗಿದ್ರು." ಒಂದು ಬಟಾಣಿ ನೆಲಕ್ಕೆ ಹಾರಿತು, ಅತ್ತೆ ಅದನ್ನು ಹುಡುಕಿ ಎತ್ತಿಕೊಂಡರು. "ಇಷ್ಟು ವರ್ಷ ಸಂಸಾರ ಮಾಡಿ, ಕೊನೆಗೆ ಫ್ಯಾನಿನ ಮಾತಾ ಅಂತ ಮೊದಲು ಸಿಟ್ಟು ಬಂತು. ಆಮೇಲೆ ಯೋಚ್ನೆ ಮಾಡಿದೆ. ಮನೇಲಿ ನಾವಿಬ್ಬರೇ ಇದ್ದಾಗ ದಿನಾ ಆಡ್ತಿದ್ದ ಮಾತು ತಾನೇ. ಕೊನೆಗೂ ಅದೇ ದನೀಲಿ ಮಾತಾಡಿಸಿದ್ರಲ್ಲ, ಸಾಕು ಅನ್ನಿಸ್ತು."

ಇಬ್ಬರೂ ಉಳಿದ ಬಟಾಣಿ ಸುಲಿದು ಮುಗಿಸಿದರು. ಎದ್ದು ಹೋಗುವಾಗ ಅತ್ತೆ, "ಬೇಕಾದ್ರೆ ಇಲ್ಲೇ ಒಂದ್ಸಲ ಹೇಳಿ ನೋಡು. ಅಕ್ಕಪಕ್ಕದೋರಿಗೆ ಕೇಳಿಸ್ದೇ ಇದ್ರಾಯ್ತು" ಎಂದರು.

ಮರುದಿನ ಶುಭಂ ಅವರೂ ಸ್ಟುಡಿಯೋಗೆ ಬಂದರು. ಗಾಜಿನಾಚೆ ಕೂರಲು ಹೇಳಿದರೆ ಒಪ್ಪಲಿಲ್ಲ. ಒಳಗೇ ಒಂದು ಮೂಲೆಯಲ್ಲಿ ನಿಲ್ಲುತ್ತೇನೆಂದು ಹಟ ಹಿಡಿದರು. ಪರದೆಯ ಮೇಲೆ ಹೊಳೆ ಉಕ್ಕಿತು. ಅಕ್ಕ ಅಳಲಿಲ್ಲ, ಏದುಸಿರು ಬಿಡಲಿಲ್ಲ. ಬೆಳಿಗ್ಗೆ ವ್ಯಾನ್ ಹಾರ್ನ್ ಹೊಡೆಯುತ್ತಿರುವಾಗ ಷೂ ಲೇಸ್ ಕಟ್ಟದೆ ನಿಂತ ಮಗುವಿಗೆ ಹೇಳುವ ಹಾಗೆ, ಚೂರು ಅವಸರ, ಚೂರು ಗದರಿಕೆ ಬೆರೆಸಿ ಹೇಳಿದಳು: "ಹೋಗು ಮರಿ, ಈಜು."

ರೆಕಾರ್ಡಿಸ್ಟ್ ಕೈ ಎತ್ತುವ ಮುಂಚೆಯೇ ಮೂಲೆಯಿಂದ ಸೊರ್ ಎಂದು ಮೂಗೆಳೆದ ಸದ್ದು ಬಂತು.

"ಸಾರ್, ನೀರುನಾಯಿಗೆ ನೆಗಡಿ ಆಯ್ತು" ಎಂದ ರೆಕಾರ್ಡಿಸ್ಟ್. "ಇನ್ನೊಂದು ಸಲ ತಗೋಳಣ."

ಎರಡನೆಯ ಸಲವೂ ಅದೇ ಆಯಿತು. ಮೂರನೆಯ ಸಲ ಶುಭಂ ಅವರನ್ನು ಹೊರಗೆ ಕಳಿಸಿ ಬಾಗಿಲು ಹಾಕಿದರು. ಹೊರಗೆ ಅವರು ಬೆಂಚಿನ ಮೇಲೆ ಕೂತು ಚಹಾ ಕುಡಿದು, ಅಲ್ಲಿಗೆ ಬಂದ ಮೇಷ್ಟ್ರಿಗೆ, "ಚಿತ್ರದ ಜಾಹೀರಾತಿನಲ್ಲಿ ಮಾತ್ರ ತಾಯಿ ಹೋದ ವಿಷಯ ಹಾಕೋದು ಬೇಡ, ಏನಂತೀರಿ?" ಎಂದು ಕೇಳಿದರಂತೆ. ಹುಟ್ಟುಗುಣ ಅಷ್ಟು ಬೇಗ ಬಿಡುತ್ತದೆಯೇ.

ಚಿತ್ರ ಬಿಡುಗಡೆಯಾಯಿತು. ಮಹಾ ಓಟವೇನೂ ಓಡಲಿಲ್ಲ, ಮುಗ್ಗರಿಸಲೂ ಇಲ್ಲ. ಮಕ್ಕಳು ಅಳುವ ಕಡೆ ಅತ್ತರು, ನಗುವ ಕಡೆ ನಕ್ಕರು, ಹೊರಗೆ ಬಂದು ತಿನ್ನಲು ಏನಾದರೂ ಬೇಕೆಂದು ಹಟ ಮಾಡಿದರು. ಕರವಸ್ತ್ರ ಹೆಚ್ಚು ಬೇಕಾದದ್ದು ಕರೆತಂದ ದೊಡ್ಡವರಿಗೆ.

ತೊಂದರೆ ಶುರುವಾದದ್ದು ವ್ಯಾನಿನಲ್ಲಿ. ಮಕ್ಕಳಿಗೆ ಹೊಸ ಆಟ ಸಿಕ್ಕಿತ್ತು. ಹಿಂದಿನ ಸೀಟು ದಿಮ್ಮಿ, ಮಧ್ಯದ ಸೀಟು ಹೊಳೆ. ರಸ್ತೆಯ ಉಬ್ಬು ಬಂದಾಗಲೆಲ್ಲ ಒಬ್ಬರು ಕೈ ಜಾರಿ ಸಾಯಬೇಕು. ಮರಿಯಾಗಲು ಯಾರೂ ಒಪ್ಪುತ್ತಿರಲಿಲ್ಲ, ಎಲ್ಲರಿಗೂ ಸಾಯುವ ಪಾತ್ರವೇ ಬೇಕು. ಶಾಲೆಯ ಗೇಟಿನಲ್ಲಿ ವ್ಯಾನ್ ನಿಂತರೆ ಒಬ್ಬರೂ ಇಳಿಯುತ್ತಿರಲಿಲ್ಲ, ಕಣ್ಣು ಮುಚ್ಚಿ ನಾಲಿಗೆ ಹೊರಗೆ ಹಾಕಿ ಬಿದ್ದಿರುತ್ತಿದ್ದರು. ಮುಖ್ಯೋಪಾಧ್ಯಾಯಿನಿ ಫೋನು ಮಾಡಿ ವಿಚಾರಿಸಿದರು.

"ಎಲ್ಲಾ ನಿನ್ನಿಂದ ಕಣೇ" ಎಂದ ಗಂಡ.

"ನಾನೇನ್ ಮಾಡ್ಲಿ ರೀ? ಅವರಿಗೆ ಒಂದು ನಿಯಮ ಹಾಕಿ. ಸತ್ತೋರು ಮಾತಾಡೋ ಹಾಗಿಲ್ಲ, ವ್ಯಾನ್ ನಿಂತ ಕೂಡ್ಲೇ ಎದ್ದು ಇಳೀಬೇಕು. ಮಾತಾಡಿದ್ರೆ ನಾಳೆ ಸಾಯೋಕೆ ಬಿಡಲ್ಲ ಅನ್ನಿ."

ಅವನು ಹಾಗೇ ಹೇಳಿದ. ಆ ವ್ಯಾನ್ ಓಡಿಸಲು ಶುರುಮಾಡಿದಂದಿನಿಂದ ಅವನು ಕೇಳಿರದ ಒಂದು ಸದ್ದು ಅಂದು ಅವನಿಗೆ ಕೇಳಿಸಿತು, ಅದು ಎಂಜಿನ್ನಿನದು. ಹಕ್ಕಿಯೊಂದು ಎಲ್ಲೋ ಕೂಗಿದ್ದೂ ಕೇಳಿಸಿತು. ಕನ್ನಡಿಯಲ್ಲಿ ನೋಡಿದರೆ ಎಲ್ಲರೂ ಸೀಟಿಗೊರಗಿ, ಕುತ್ತಿಗೆ ವಾಲಿಸಿ, ಶಿಸ್ತಾಗಿ ಸತ್ತಿದ್ದರು. ಈ ಉಪಾಯವನ್ನು ಬೇರೆ ವ್ಯಾನಿನವರಿಗೂ ಹೇಳಿಕೊಡಬೇಕು ಎಂದು ಅವನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದಾಗ ಹಿಂದಿನಿಂದ ಒಂದು ದನಿ ಶುರುವಾಯಿತು. ಕೆಂಪು ಚೀಲದ ಹುಡುಗಿ ಎದೆಯ ಮೇಲೆ ಕೈಯಿಟ್ಟುಕೊಂಡು ತನ್ನ ಪೆನ್ಸಿಲ್ ಡಬ್ಬಿ ತಮ್ಮನಿಗೆ, ನೀರಿನ ಬಾಟಲಿ ಪಕ್ಕದವಳಿಗೆ ಎಂದು ಹಂಚುತ್ತಿದ್ದಳು.

"ಸತ್ತೋರು ಮಾತಾಡ್ಬಾರ್ದು ಅಂತ ಹೇಳಿದೀನಲ್ಲಮ್ಮ" ಎಂದ.

"ನಾನಿನ್ನೂ ಸತ್ತಿಲ್ಲ ಅಂಕಲ್," ಎಂದಳು ಅವಳು, ಕಣ್ಣು ಬಿಡದೆ. "ಕೊನೇ ಮಾತು ಹೇಳ್ತಿದೀನಿ."

ಆ ಕೊನೆಯ ಮಾತು ಶಾಲೆಯ ಗೇಟು ಬರುವ ತನಕ ಮುಗಿಯಲಿಲ್ಲ.